ತಪ್ಪು ಉತ್ತರದ ರುಚಿ

ನಮ್ಮ ಶಾಲೆಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ‘ಅರ್ಥ ಆಯ್ತಾ?’ ಎಂಬುದು. ಅದಕ್ಕೆ ಬರುವ ಉತ್ತರವೂ ಒಂದೇ, ರಾಗವೂ ಒಂದೇ: ‘ಆಯ್ತು ಮಿಸ್!’ ಅರ್ಥವಾದವರು ಹಾಗೆ ಕೂಗುತ್ತಾರೆ, ಆಗದವರು ಇನ್ನೂ ಸ್ವಲ್ಪ ಜೋರಾಗಿ ಕೂಗುತ್ತಾರೆ. ಇಡೀ ತರಗತಿ ಒಕ್ಕೊರಲಿನಿಂದ ಒಪ್ಪಿದ ಮೇಲೆ ಪಾಠ ಮುಂದಕ್ಕೆ ಹೋಗುತ್ತದೆ. ಅರ್ಥವಾಗಿರಲಿಲ್ಲ ಎಂಬುದು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ತಿಳಿಯುತ್ತದೆ. ಅಷ್ಟರಲ್ಲಿ ಮುಂದಿನ ಘಟಕ ಅರ್ಧ ಮುಗಿದಿರುತ್ತದೆ.

ಕೆಲವರಿಗೆ ಸಂಗೀತ ಕಛೇರಿಯ ಹುಚ್ಚು, ಕೆಲವರಿಗೆ ತಾಳಮದ್ದಳೆಯದು. ನನಗೆ ಕೊನೆಯ ಬೆಂಚಿನಲ್ಲಿ ಕೂತು ಪಾಠ ಕೇಳುವ ಹುಚ್ಚು. ಅದರಲ್ಲೂ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಪಾಠವೆಂದರೆ ಎಲ್ಲಿದ್ದರೂ ಹೋಗುತ್ತೇನೆ. ಪಳಗಿದ ಮೇಷ್ಟರ ಕೈಚಳಕ ಸಲೀಸಾಗಿ ಕಣ್ತಪ್ಪಿಸಿಕೊಂಡುಬಿಡುತ್ತದೆ. ಹೊಸಬರಲ್ಲಿ ಒಂದೊಂದು ಹೆಜ್ಜೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯಲ್ಲಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿ, 20 ವಾರ ಶಾಲೆಯಲ್ಲೇ ಕಳೆಯಬೇಕೆಂದು ಗೊತ್ತುಮಾಡಿತು. ಆ ವಾರಗಳಲ್ಲಿ ಮೊದಮೊದಲು ಈ ಹೊಸಬರ ಕಣ್ಣು ಪಾಠ ಯೋಜನೆಯ ಹಾಳೆ, ಕರಿಹಲಗೆ, ಹಿಂದೆ ಕೂತ ವೀಕ್ಷಕರು, ಈ ಮೂರರ ನಡುವೆಯೇ ಓಡಾಡುತ್ತಿರುತ್ತದೆ. ಅದು ಮಕ್ಕಳ ಕಡೆ ತಿರುಗುವ ದಿನವೇ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯನ್ನು ಪಾಠದ ನಡುವೆಯೇ ಅಳೆದು ಬೋಧನೆಯನ್ನು ತಿದ್ದಿಕೊಳ್ಳುವ ಕೆಲಸದ, ಮೊದಲ ದಿನ.

ಮಂಡ್ಯ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಂಥ ತಿರುವನ್ನು ನೋಡಿದೆ. ಆರನೇ ತರಗತಿ, ದಶಮಾಂಶಗಳ ಪಾಠ. ಪ್ರಶಿಕ್ಷಣಾರ್ಥಿ ಒಳ್ಳೆಯ ಚಾರ್ಟು ತಂದಿದ್ದರು, ಧ್ವನಿಯೂ ಚೆನ್ನಾಗಿತ್ತು. ಕೊನೆಗೆ ‘0.3, 0.7 ಇವುಗಳಲ್ಲಿ ಯಾವುದು ದೊಡ್ಡದು?’ ಎಂದು ಕೇಳಿದರು. ಎಲ್ಲರದೂ ಸರಿಯುತ್ತರ. ಚಪ್ಪಾಳೆಯೂ ಬಿತ್ತು. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಮೇಷ್ಟರು ಹೇಳಿದ್ದು ಇಷ್ಟೇ: ‘ನೋಡಮ್ಮ, ಬಿಂದು ಮರೆತು ಮೂರು, ಏಳು ಅಂತ ಓದಿದವನೂ ಸರಿಯಾಗೇ ಹೇಳ್ತಾನೆ. ನಾಳೆ ಈ ಮೂರು ಸಂಖ್ಯೆ ಬರಿ.’ ಅವರು ಚೀಟಿಯಲ್ಲಿ ಬರೆದುಕೊಟ್ಟದ್ದು 0.5, 0.75, 0.625.

ಮರುದಿನ ಎಲ್ಲರ ಕೈಯಲ್ಲೂ ಸ್ಲೇಟು. ಅತಿ ದೊಡ್ಡ ಸಂಖ್ಯೆ ಬರೆದು, ಪಕ್ಕದವರಿಗೆ ತೋರಿಸದೆ, ಹೇಳಿದಾಗ ಒಟ್ಟಿಗೆ ಎತ್ತಬೇಕು. ಎತ್ತಿದಾಗ ತರಗತಿ ಮೂರು ಹೋಳಾಯಿತು. ಕೆಲವರು 0.75 ಬರೆದಿದ್ದರು. ಬಹಳ ಮಂದಿ 0.625 ಬರೆದಿದ್ದರು, ಆರುನೂರ ಇಪ್ಪತ್ತೈದು ಎಪ್ಪತ್ತೈದಕ್ಕಿಂತ ದೊಡ್ಡದಲ್ಲವೇ! ಎರಡು ಮೂರು ಸ್ಲೇಟುಗಳಲ್ಲಿ ಮಾತ್ರ 0.5 ಇತ್ತು. ‘ಯಾಕಪ್ಪ ಹಂಗೆ?’ ಎಂದು ಕೇಳಿದರೆ ಅವರಲ್ಲೊಬ್ಬ ಹುಡುಗ ಎದ್ದು ನಿಂತು, ‘ಮಿಸ್, ಹತ್ತು ಭಾಗ ಮಾಡಿದ್ರೆ ಚೂರು ದೊಡ್ಡದಿರ್ತದೆ, ಸಾವಿರ ಭಾಗ ಮಾಡಿದ್ರೆ ಪುಡಿಪುಡಿ ಆಗ್ತದೆ’ ಅಂದ. ಚೂರಿನ ಅಳತೆಯ ವಿಷಯದಲ್ಲಿ ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಅಂಥ ಚೂರು ಎಷ್ಟಿವೆ ಎಂದು ಎಣಿಸುವುದೊಂದು ಬಿಟ್ಟುಹೋಗಿತ್ತು.

ಈ ಮೂರು ಸಂಖ್ಯೆಗಳ ಆಯ್ಕೆಯನ್ನು ಗಮನಿಸಿ. ಅಂಕಿ ಉದ್ದವಿದ್ದಷ್ಟೂ ಬೆಲೆ ಹೆಚ್ಚು ಅಂದುಕೊಂಡವರು 0.625ಕ್ಕೇ ಬೀಳುತ್ತಾರೆ, ಗಿಡ್ಡವಿದ್ದಷ್ಟೂ ಹೆಚ್ಚು ಅಂದುಕೊಂಡವರು 0.5ಕ್ಕೇ ಬೀಳುತ್ತಾರೆ. ಸ್ಥಾನಬೆಲೆ ತಿಳಿದವರು 0.75ಕ್ಕೆ ಬರುತ್ತಾರೆ. ಹೇಗೆ ಯೋಚಿಸಿದರೆಂಬುದನ್ನು ಉತ್ತರವೇ ಹೇಳಿಬಿಡುತ್ತದೆ. ಇದೇ ಪ್ರಶ್ನೆಯನ್ನು 0.6, 0.45, 0.75 ಎಂದು ಬದಲಿಸಿ ನೋಡಿ. ಬಿಂದುವನ್ನು ಲೆಕ್ಕಕ್ಕೇ ಹಿಡಿಯದವನೂ ಎಪ್ಪತ್ತೈದೇ ದೊಡ್ಡದೆಂದು ಸರಿಯುತ್ತರ ಕೊಟ್ಟು ಪಾರಾಗುತ್ತಾನೆ. ಪ್ರಶ್ನೆಯ ರುಚಿ ಬಲ್ಲವರಿಗೆ ಈ ಎರಡು ಪ್ರಶ್ನೆಗಳ ನಡುವಿನ ಅಂತರ ಆಕಾಶ ಭೂಮಿಯಷ್ಟು.

ಸ್ಲೇಟು ನೋಡಿದ ಮೇಲೆ ಆಕೆ ಮಾಡಿದ್ದೇ ಆ ದಿನದ ನಿಜವಾದ ಪಾಠ. ಯೋಜನೆಯಲ್ಲಿದ್ದ ಕೂಡುವ ಲೆಕ್ಕವನ್ನು ಬದಿಗಿಟ್ಟು ಮೀಟರು ಪಟ್ಟಿ ತೆಗೆದರು. 0.5 ಮೀಟರ್ ಎಂದರೆ 50 ಸೆಂಟಿಮೀಟರು, 0.75 ಎಂದರೆ 75, 0.625 ಎಂದರೆ 62 ಸೆಂಟಿಮೀಟರಿನ ಮೇಲೆ 5 ಮಿಲಿಮೀಟರು. ಗುರುತು ಹಾಕುವ ಕೆಲಸವನ್ನು ಮೂರೂ ಗುಂಪಿನವರಿಗೆ ಒಪ್ಪಿಸಿದರು. ಯಾರು ಸರಿ, ಯಾರು ತಪ್ಪು ಎಂದು ಆಕೆ ಹೇಳಲೇ ಇಲ್ಲ. ಪಟ್ಟಿಯೇ ಹೇಳಿತು.

ಈ ಬಗೆಯ ಮೌಲ್ಯಮಾಪನಕ್ಕೆ 1967ರಲ್ಲಿ ಹೆಸರು ಕೊಟ್ಟವರು ಮೈಕೆಲ್ ಸ್ಕ್ರಿವನ್. ಅವರು ಮಾತಾಡಿದ್ದು ಪಠ್ಯಕ್ರಮವನ್ನು ಅಳೆಯುವ ಬಗ್ಗೆ. ಅದನ್ನು ಮಕ್ಕಳ ಕಲಿಕೆಗೆ ತಂದವರು ಬೆಂಜಮಿನ್ ಬ್ಲೂಮ್. 1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ, ಸಿಕ್ಕ ಮಾಹಿತಿಯಿಂದ ಬೋಧನೆ ಬದಲಾದರೆ ಮಾತ್ರ ಅದು ರೂಪಣಾತ್ಮಕ ಎಂದು ಖಚಿತಪಡಿಸಿದರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳಿತು. ಕಾಯ್ದೆಯ ಆಶಯ ಶಾಲೆ ತಲುಪುವ ಹೊತ್ತಿಗೆ ಎಫ್ಎ (ಫಾರ್ಮೆಟಿವ್ ಅಸೆಸ್‌ಮೆಂಟ್, ರೂಪಣಾತ್ಮಕ ಮೌಲ್ಯಮಾಪನ) ಒಂದು, ಎಫ್ಎ ಎರಡು ಎಂದು ನಾಲ್ಕು ಕಿರುಪರೀಕ್ಷೆಗಳಾಗಿ, ಕಡತದ ಅಂಕಣಗಳಾಗಿ ನಿಂತುಬಿಟ್ಟಿದೆ. ಸ್ಟೇಷನರಿ ಅಂಗಡಿಯಲ್ಲಿ ಕೊಂಡ ಚಿತ್ರ ಅಂಟಿಸಿದ ಪ್ರಾಜೆಕ್ಟಿಗೆ ಅಂಕ ಬೀಳುತ್ತದೆ. ಅಂಕ ತುಂಬಿದ ಮೇಲೆ ಪಾಠದಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಎಫ್ಎ ಎಂಬ ಹೆಸರಿದ್ದ ಮಾತ್ರಕ್ಕೆ ಅದು ರೂಪಣಾತ್ಮಕವಾಗುವುದಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಅತಿ ಕಷ್ಟದ ಕೆಲಸ ಪ್ರಶ್ನೆ ಕೇಳಿ ಸುಮ್ಮನಿರುವುದು. ಹಿಂದೆ ವೀಕ್ಷಕರು ಕೂತಿರುವಾಗ ಮೌನವೆಂದರೆ ಪಾಠ ನಿಂತುಹೋಯಿತೆಂಬ ಭಯ. ಪ್ರಶ್ನೆ ಮುಗಿಯುವ ಮೊದಲೇ ಮುಂದಿನ ಬೆಂಚಿನ ಜಾಣೆ ಕೈಯೆತ್ತುತ್ತಾಳೆ, ಉತ್ತರ ಬರುತ್ತದೆ, ‘ಗುಡ್’ ಬೀಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ ಅಲ್ಲಿನ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಕಾರಣಗಳು ಜೊತೆಗೂಡಿದವು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಹೇಳಲು ಸುಲಭ, ಕಾಯಲು ಎದೆ ಬೇಕು. ಮನಸ್ಸಿನಲ್ಲೇ ಮೂರು ಎಣಿಸುವುದನ್ನು ರೂಢಿಸಿಕೊಂಡ ಹೊಸಬರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಅವರ ತರಗತಿಯಲ್ಲಿ ಹಿಂದಿನ ಬೆಂಚಿಗೂ ಧ್ವನಿಯಿರುತ್ತದೆ.

ಇನ್ನು ಉಕ್ತಲೇಖನದ ಪುಸ್ತಕ. ‘ಹಕ್ಕಿ’ ಎಂದು ಹೇಳಿದಾಗ ಒಬ್ಬ ‘ಅಕ್ಕಿ’ ಎಂದು ಬರೆದ, ಇನ್ನೊಬ್ಬಳು ‘ಹಕಿ’ ಎಂದು ಬರೆದಳು. ಇಬ್ಬರಿಗೂ ಒಂದೇ ಕೆಂಪು ಗೀಟು, ಇಬ್ಬರಿಗೂ ‘ಹತ್ತು ಸಲ ಬರೆ’ ಎಂಬ ಒಂದೇ ಶಿಕ್ಷೆ. ಮೊದಲನೆಯವನು ಮನೆಯಲ್ಲಿ ಮಾತಾಡುವಂತೆಯೇ ಬರೆದಿದ್ದಾನೆ. ಅವನ ಕಿವಿಗೆ ಹಾಡು–ಆಡು, ಹರಳು–ಅರಳು ಜೋಡಿಗಳನ್ನು ಕೇಳಿಸಿ ಓದಿಸಬೇಕು. ಎರಡನೆಯವಳಿಗೆ ಕೇಳಿಸಿದ್ದು ಸರಿಯಿದೆ, ಒತ್ತಕ್ಷರ ಕೈಗೆ ಬಂದಿಲ್ಲ. ಅವಳಿಗೆ ಕತೆ–ಕತ್ತೆ, ಬಳಿ–ಬಳ್ಳಿ ಬೇಕು. ಔಷಧಿ ಬೇರೆ ಬೇರೆ. ಇದನ್ನು ಗುರುತಿಸಿದ ಪ್ರಶಿಕ್ಷಣಾರ್ಥಿಗೆ ಅರ್ಧ ಕಸುಬು ಕೈಗೆ ಬಂದಂತೆ.

ತಿದ್ದುವಾಗ ಅಂಕವನ್ನೂ ಕೊಟ್ಟು ಸಲಹೆಯನ್ನೂ ಬರೆದರೆ ಎರಡೂ ಆಯಿತಲ್ಲ ಎನ್ನುವವರಿದ್ದಾರೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ಬರೀ ಸಲಹೆ ಸಿಕ್ಕ ಮಕ್ಕಳ ಕೆಲಸ ಸುಧಾರಿಸಿತು. ಸಲಹೆಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಮಗು ಅಂಕ ನೋಡುತ್ತದೆ, ಪಕ್ಕದವನ ಅಂಕ ನೋಡುತ್ತದೆ, ಪುಸ್ತಕ ಮುಚ್ಚುತ್ತದೆ. ನಮ್ಮ ‘ಗುಡ್’, ‘ವೆರಿ ಗುಡ್’, ನಕ್ಷತ್ರಗಳೂ ಈ ಅಂಕದ ಜಾತಿಯವೇ.

ಇದೆಲ್ಲ ಪರದೇಶದ ಸರಕು ಎನ್ನುವವರು ನಲಿ–ಕಲಿಯನ್ನು ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ಕಿರಿಯ ತರಗತಿಗಳಿಗೆ ಕಟ್ಟಿದ ಪದ್ಧತಿ ಅದು. ಕಲಿಕಾ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದರ ಮೇಲೆ ಅದು ಯಾವ ಕಾರ್ಡು ಎತ್ತಿಕೊಳ್ಳಬೇಕು, ಶಿಕ್ಷಕರ ಸಹಾಯದ ಗುಂಪಿನಲ್ಲಿ ಕೂರಬೇಕೋ ಸ್ವಕಲಿಕೆಯ ಗುಂಪಿನಲ್ಲೋ ಎಂಬುದು ತೀರ್ಮಾನವಾಗುತ್ತದೆ. ಮೌಲ್ಯಮಾಪನ ಅಲ್ಲಿ ಪಾಠದ ಹೊರಗೆ ಇಲ್ಲವೇ ಇಲ್ಲ. ಪ್ರೌಢಶಾಲೆಗೆ ಹೋಗಲಿರುವ ಬಿ.ಇಡಿ.ಯವರು ‘ನಮಗೇಕೆ ಒಂದನೇ ತರಗತಿ’ ಎಂದು ಮೂಗೆಳೆಯುವುದುಂಟು. ಕಲಿಯುವುದಿರುವುದು ಅಲ್ಲೇ.

ಐವತ್ತು ಮಕ್ಕಳು, ನಲವತ್ತು ನಿಮಿಷ, ಮುಗಿಯದ ಸಿಲಬಸ್ಸು, ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಸ್ಲೇಟುಗಳ ಮೇಲೆ ಕಣ್ಣಾಡಿಸಲು ಅರ್ಧ ನಿಮಿಷ ಸಾಕು. ಅರ್ಥವಾಗದ ಪಾಠದ ಮೇಲೆ ಇನ್ನೊಂದು ಪಾಠ ಹೇರಿದರೆ ಸಿಲಬಸ್ಸು ಮುಗಿಯುವುದು ಶಿಕ್ಷಕರಿಗೆ ಮಾತ್ರ.

ಆದ್ದರಿಂದ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಮನವಿ. ಪಾಠ ಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ ‘ತಂತ್ರ: ಅವಲೋಕನ, ಸಾಧನ: ಪರಿಶೀಲನಾ ಪಟ್ಟಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಒಂದು ಪ್ರಶ್ನೆ ಬರೆಯಿರಿ. ಅದಕ್ಕೆ ಬರಬಹುದಾದ ಎರಡು ತಪ್ಪು ಉತ್ತರ ಬರೆಯಿರಿ. ಒಂದೊಂದಕ್ಕೂ ನೀವು ಮುಂದೇನು ಮಾಡುತ್ತೀರಿ ಎಂದು ಬರೆಯಿರಿ. ಸಹಿ ಹಾಕುವ ಮಾರ್ಗದರ್ಶಕರೇ, ಆ ಮೂರು ಸಾಲು ಇಲ್ಲದ ಯೋಜನೆಗೆ ದಯವಿಟ್ಟು ಸಹಿ ಹಾಕಬೇಡಿ.