ಈರುಳ್ಳಿಗೆ ಹಸಿರು ಬಳಿದವರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೀವಶಾಸ್ತ್ರದ ಶಿಕ್ಷಕರಾಗಲು ಬಿ.ಎಡ್. ಓದುತ್ತಿರುವ ಕೆಲವರ ರೆಕಾರ್ಡ್ ಪುಸ್ತಕಗಳನ್ನು ನಾವು ತಿರುವಿ ನೋಡಿದ್ದುಂಟು. ಗೆರೆ ಅಚ್ಚುಕಟ್ಟು, ಬಣ್ಣ ಚೆಂದ. ಆದರೆ ಈರುಳ್ಳಿ ಪೊರೆಯ ಜೀವಕೋಶದೊಳಗೆ ಪತ್ರಹರಿತ್ತಿನ ಹಸಿರು ಚುಕ್ಕೆಗಳು! ಬಿಳಿ ಗಡ್ಡೆಯ ಒಳಪೊರೆಗೆ ಹಸಿರು ಎಲ್ಲಿಂದ ಬಂತು? ಅಯೋಡಿನ್ ಹನಿಸಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಇಟ್ಟಿಗೆ ಜೋಡಿಸಿದಂಥ ಕೋಶಗೋಡೆಗಳು, ಒಳಗೊಂದು ಕೋಶಕೇಂದ್ರ, ಬಹುಮಟ್ಟಿಗೆ ಅಷ್ಟೇ. ಉಳಿದದ್ದೆಲ್ಲ ಪಠ್ಯಪುಸ್ತಕದ ‘ಸಸ್ಯಕೋಶ’ದ ಚಿತ್ರದಿಂದ ಇಳಿದು ಬಂದದ್ದು.

ಹಾಗೆಂದು ಚಿತ್ರ ಬಿಡಿಸುವುದೇ ಬೇಡ ಎನ್ನುತ್ತಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಪದರದಲ್ಲಿ ಕಂಡ ಖಾಲಿ ಗೂಡುಗಳ ಚಿತ್ರ ಪ್ರಕಟಿಸಿದ್ದರಿಂದಲೇ ಜಗತ್ತಿಗೆ ಕೋಶದ ಪರಿಚಯವಾಯಿತು. ಅವನಿಗೆ ಅದು ಜೇನುಗೂಡಿನಂತೆ ಕಂಡಿತು. ನಾವು ಉರ್ದುವಿನಲ್ಲಿ ಕಲಿತ ‘ಖಲಿಯಾ’ ಶಬ್ದಕ್ಕೂ ಅರಬಿಯಲ್ಲಿ ಜೇನುಗೂಡೆಂಬ ಅರ್ಥವಿದೆ. ಗೂಡಿಗೆ ಆಳವಿರುತ್ತದೆ, ರೆಕಾರ್ಡಿನ ಕೋಶವೋ ಹಪ್ಪಳದಂತೆ ಚಪ್ಪಟೆ.

ತರಬೇತಿಯಲ್ಲಿ ಮೊದಲು ನೆನಪಿನಿಂದ ಒಂದು ಚಿತ್ರ ಬರೆಸಲಿ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಲಿ, ರಬ್ಬರು ದೂರವಿರಲಿ. ಅದೇ ಕೋಶವನ್ನು ಅಡ್ಡ ಕೊಯ್ದರೆ ಹೇಗೆ ಕಂಡೀತೆಂದು ಮೂರನೆಯದನ್ನೂ ಬರೆಸಬಹುದು. ಹಸಿರೇ ಬೇಕಿದ್ದರೆ ಕೆರೆಯ ಹೈಡ್ರಿಲ್ಲಾ ಎಲೆ ಸಾಕು, ಬಣ್ಣದ ಪೆನ್ಸಿಲ್ಲಿನ ಹಂಗಿಲ್ಲದೆ ಕಾಣುತ್ತದೆ.

ಈಗ ಅಂಕ ಬೀಳುವುದು ಅಂದಕ್ಕೆ. ಇವರೇ ನಾಳೆ ಮೇಷ್ಟ್ರು. “ಸರ್, ಈರುಳ್ಳಿಯಲ್ಲಿ ಹಸಿರು ಕಾಣಲಿಲ್ಲ” ಎಂದು ಬಿಳಿ ಬಿಟ್ಟುಬಂದ ಹುಡುಗಿಯ ಅಂಕ ಕಡಿಯುವವರೂ ಇವರೇ.