ಸೊನ್ನದ ಹುಡುಗಿಯ ಅರ್ಜಿಯಲ್ಲಿ ಭೀಮೆ ಏಕಿಲ್ಲ?

ಗಗನಸಖಿ ಕೆಲಸಕ್ಕೆಂದು ನಮ್ಮ ಕಲಬುರಗಿ ಕಡೆಯ ಹುಡುಗಿಯರು ಬರೆಯುವ, ಬಹುಮಟ್ಟಿಗೆ ಬರೆಸುವ, ಕವರ್ ಲೆಟರುಗಳೆಲ್ಲ ಒಂದೇ ಅಚ್ಚಿನವು. ‘ಬಾಲ್ಯದಿಂದಲೂ ಆಕಾಶದಲ್ಲಿ ಹಾರುವ ಕನಸು ಕಂಡವಳು ನಾನು’ ಎಂದು ಶುರು. ನಡುವೆ ನಗುಮುಖ, ಶ್ರಮಜೀವಿ, ಎಲ್ಲರೊಡನೆ ಬೆರೆಯುವ ಗುಣ. ಕೊನೆಗೆ ‘ಒಂದು ಅವಕಾಶ ಕೊಟ್ಟರೆ ಸದಾ ಚಿರಋಣಿ’. ಕಂಪ್ಯೂಟರ್ ಸೆಂಟರಿನಲ್ಲಿ ಹೆಸರು, ಊರು, ಹುಟ್ಟಿದ ದಿನ ಬದಲಿಸಿ ಪ್ರಿಂಟ್ ತೆಗೆದುಕೊಡುತ್ತಾರೆ.

ಅದರ ಇಂಗ್ಲಿಷಿನ ಬಗ್ಗೆ ನನ್ನ ತಕರಾರಿಲ್ಲ. ತಪ್ಪನ್ನು ಯಾರಾದರೂ ತಿದ್ದಿಕೊಡುತ್ತಾರೆ. ಆದರೆ ಪತ್ರ ಓದಿ ಮುಗಿಸಿದರೂ ಬರೆದವಳು ಯಾರೆಂದು ತಿಳಿಯುವುದಿಲ್ಲ. ಕೇಳುತ್ತಿರುವ ಕೆಲಸ ಎಂಥದ್ದೆಂದು ಅವಳಿಗೆ ಗೊತ್ತಿದೆಯೇ ಎಂಬುದೂ ತಿಳಿಯುವುದಿಲ್ಲ. ದೊಡ್ಡ ದೋಷ ಇದು.

ಊಟ, ನೀರು ಕೊಡುವುದು ಈ ಕೆಲಸದಲ್ಲಿ ಕಣ್ಣಿಗೆ ಬೀಳುವ ಭಾಗ ಮಾತ್ರ. 50 ಸೀಟಿಗೆ ಒಬ್ಬರಾದರೂ ಕ್ಯಾಬಿನ್ ಸಿಬ್ಬಂದಿ ಇರಲೇಬೇಕೆಂಬ ನಿಯಮ ಇರುವುದು ಬಡಿಸುವುದಕ್ಕಲ್ಲ, ಜೀವ ಉಳಿಸುವುದಕ್ಕೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಹತ್ತಿದಾಗ ಧ್ವನಿವರ್ಧಕ ಕೆಟ್ಟಿತ್ತು, ಎಂಟು ಬಾಗಿಲುಗಳಲ್ಲಿ ಮೂರೇ ಬಳಕೆಗೆ ಬಂದವು. ಸಿಬ್ಬಂದಿ ಕೂಗಿ ಕೂಗಿ ದಾರಿ ತೋರಿಸಿದರು. ಒಳಗಿದ್ದ 379 ಜನರೂ ಬದುಕಿ ಹೊರಬಂದರು. ಎತ್ತರದ ಷರತ್ತನ್ನೂ ನಮ್ಮ ಹುಡುಗಿಯರು ಚೆಲುವಿನ ಅಳತೆ ಎಂದುಕೊಂಡಿದ್ದಾರೆ. ತುದಿಗಾಲಲ್ಲಿ ನಿಂತು ಕೈಚಾಚಿದರೆ 212 ಸೆಂ.ಮೀ. ಮುಟ್ಟಬೇಕು ಎಂದು ಎಮಿರೇಟ್ಸ್ ವಿಮಾನ ಕಂಪನಿ ಕೇಳುವುದು, ತಲೆಯ ಮೇಲಿಟ್ಟ ಸುರಕ್ಷತಾ ಸಲಕರಣೆ ಕೈಗೆಟುಕಬೇಕೆಂದು.

ಹೀಗೆ ತಪ್ಪು ತಿಳಿಯಲು ಹುಡುಗಿಯರಷ್ಟೇ ಕಾರಣರಲ್ಲ. ಗಗನಸಖಿಯೆಂದರೆ ವಯಸ್ಸು ಮತ್ತು ರೂಪ ಎಂದು ದಶಕಗಳ ಕಾಲ ನಂಬಿಸಿದ್ದು ಕಂಪನಿಗಳೇ. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮ ಏರ್ ಇಂಡಿಯಾದಲ್ಲಿತ್ತು. ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿದ್ದು 1981ರಲ್ಲಿ. ಆದರೆ ಈ ವೃತ್ತಿ ಹುಟ್ಟಿದ್ದೇ ಬೇರೆ ಮಾತಿನಿಂದ. 1930ರಲ್ಲಿ ಅಮೆರಿಕದ ಎಲೆನ್ ಚರ್ಚ್ ಮೊದಲ ಗಗನಸಖಿಯಾದಳು. ಅವಳು ನರ್ಸ್. ಒಬ್ಬ ನರ್ಸ್ ಜೊತೆಗಿದ್ದರೆ ಪ್ರಯಾಣಿಕರ ಭಯ ಇಳಿಯುತ್ತದೆ ಎಂಬುದು ಅವಳ ವಾದ. ತನಗೆ ಬರುವ ವಿದ್ಯೆಯನ್ನು ಮುಂದಿಟ್ಟು ಕೆಲಸ ಕೇಳಿದಳು.

ಅಂಥ ಬಂಡವಾಳ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಇಲ್ಲವೇ? ಊರಿನ ಬಳಿಯೇ ಭೀಮಾ ನದಿಯ ಬ್ಯಾರೇಜ್. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಎದೆ ನಡುಗುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ನದಿದಂಡೆಯ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದರು. ಬರಲೊಲ್ಲೆ ಎಂದು ಹಟ ಹಿಡಿದ ಅಜ್ಜಿಯನ್ನು ಒಪ್ಪಿಸಿ ಕರೆತರುವುದು, ಅಳುವ ಕೂಸಿನ ತಾಯಿಗೆ ಮೊದಲು ಜಾಗ ಮಾಡಿಕೊಡುವುದು, ಗಾಬರಿಯಲ್ಲಿ ಕೂಗಾಡುವವರ ಎದುರು ಎದೆಗುಂದದೆ ಮಾತಾಡುವುದು: ಗಗನಸಖಿಯರ ತರಬೇತಿಯಲ್ಲಿ ಕಲಿಸುವುದೂ ಇಂಥದ್ದನ್ನೇ. ಇನ್ನು ಭಾಷೆ. ಗಾಣಗಾಪುರದ ದತ್ತನ ದರ್ಶನಕ್ಕೆ ಬರುವ ಮರಾಠಿ ಯಾತ್ರಿಕರು, ಕಲಬುರಗಿ ಬಜಾರಿನ ಉರ್ದು, ಮನೆಯ ಕನ್ನಡ, ಶಾಲೆಯ ಹಿಂದಿ. ಇಷ್ಟನ್ನೂ ಆಡಬಲ್ಲವಳು ಪತ್ರದಲ್ಲಿ ‘ಉತ್ತಮ ಸಂವಹನ ಕೌಶಲ’ ಎಂಬ ಎರವಲು ಮಾತು ಬರೆದು ಸುಮ್ಮನಾಗುತ್ತಾಳೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ.

‘ಹೊಳೆ ಬಂದ ವಾರ ನಾನು ಕಾಳಜಿ ಕೇಂದ್ರದಲ್ಲಿ ವಯಸ್ಸಾದವರನ್ನು ನೋಡಿಕೊಂಡೆ. ಮರಾಠಿ, ಹಿಂದಿ, ಉರ್ದು ಮಾತಾಡುತ್ತೇನೆ. ಗದ್ದಲದಲ್ಲೂ ನಾನು ಗಾಬರಿಯಾಗುವುದಿಲ್ಲ.’ ಈ ಮೂರು ಸಾಲು ಇಡೀ ಪುಟದ ಕನಸಿಗಿಂತ ಮೇಲು. ಮಾಡಿದ್ದರೆ ಮಾತ್ರ ಬರೆಯಬೇಕು, ಅಷ್ಟೇ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಸುಳ್ಳು ಸಿಕ್ಕಿಬೀಳುತ್ತದೆ.

ಎಷ್ಟೋ ಕಂಪನಿಗಳು ನೇರ ಸಂದರ್ಶನಕ್ಕೆ ಬಯೋಡೇಟಾ, ಫೋಟೊ ಸಾಕೆನ್ನುತ್ತವೆ, ಪತ್ರ ಕೇಳುವುದೇ ಇಲ್ಲ. ಆದರೂ ಬರೆಯುವ ಶ್ರಮ ದಂಡವಲ್ಲ. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಬಾಯಿಗೆ ಬರಬೇಕಾದದ್ದು ಅದೇ ಮೂರು ಸಾಲು. ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶುರುವಾದ ಮೇಲೆ ಈ ಕೆಲಸದ ಆಸೆ ಹಳ್ಳಿಗಳಿಗೂ ಹತ್ತಿರ ಬಂದಿದೆ. ಕಾಲೇಜುಗಳು ಮಾದರಿ ಪತ್ರದ ಜೆರಾಕ್ಸ್ ಹಂಚುವುದನ್ನು ನಿಲ್ಲಿಸಲಿ. ಮೇಷ್ಟ್ರು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ‘ಹೊಳಿ ಬಂದಾಗ ನೀ ಏನೇನ್ ಮಾಡಿದಿ, ಹೇಳವಾ’ ಎಂದು ಕೇಳಲಿ. ಅವಳು ಕನ್ನಡದಲ್ಲಿ ಹೇಳಿದ್ದನ್ನೇ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತರಲು ಕೈಜೋಡಿಸಲಿ.