ಜ್ಞಾನಸ್ನಾನ: ಮಗುವಿಗೋ, ಮನೆಯವರಿಗೋ?

ಹನೂರು ದಾಟಿ ಮಾದಪ್ಪನ ಬೆಟ್ಟದ ಕಡೆಗೆ ಹೋಗುವ ಬಸ್ಸುಗಳಲ್ಲಿ ಎರಡು ಬಗೆಯ ಕೂಸುಗಳನ್ನು ಕಾಣಬಹುದು. ಒಂದು, ಬೆಟ್ಟದಲ್ಲಿ ಮುಡಿ ಕೊಡಲು ಹೊರಟ ಕೂಸು. ಇನ್ನೊಂದು, ಮಾರ್ಟಳ್ಳಿ ಸಂದನಪಾಳ್ಯಗಳ ಕಡೆಯ ಅಜ್ಜಿಯ ಮಡಿಲಲ್ಲಿ ಮಲಗಿದ, ಕೊರಳಿಗೆ ಪುಟ್ಟ ಶಿಲುಬೆ ಕಟ್ಟಿಸಿಕೊಂಡ ಕೂಸು. ಎರಡರ ಕೆನ್ನೆಯ ಮೇಲೂ ಒಂದೇ ಕಾಡಿಗೆಯ ಬೊಟ್ಟು. ದೃಷ್ಟಿಯ ಭಯಕ್ಕೆ ಮತಭೇದವಿಲ್ಲ.

ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಮಿಳು ಮಾತಾಡುವ ಕಥೋಲಿಕ ಸಂಸಾರಗಳೂ ಕನ್ನಡ ಮಾತಾಡುವ ಮಾದಪ್ಪನ ಒಕ್ಕಲುಗಳೂ ಒಂದೇ ಸಂತೆಯಲ್ಲಿ ಕೊಟ್ಟು ಕೊಂಡು ಬಾಳಿದವರು. ಈಗ ಅವರ ಮಕ್ಕಳು ಒಂದೇ ಕಾಲೇಜಿಗೆ ಹೋಗುತ್ತಾರೆ, ಒಂದೇ ಊರಿನಲ್ಲಿ ಕೆಲಸ ಹುಡುಕುತ್ತಾರೆ, ಕೆಲವರು ಮದುವೆಯೂ ಆಗುತ್ತಾರೆ. ಯಾರೂ ಮತ ಬಿಡಬೇಕಾಗಿಲ್ಲ. 1954ರ ವಿಶೇಷ ವಿವಾಹ ಕಾಯಿದೆಯಿದೆ. ಧರ್ಮಾಧ್ಯಕ್ಷರ ಅಪ್ಪಣೆ ಪಡೆದು ಚರ್ಚಿನಲ್ಲೇ ಮದುವೆಯಾಗುವ ದಾರಿಯೂ ಇದೆ. ಆದರೆ ಮದುವೆಯ ದಿನ ಸುಮ್ಮನೆ ಮಲಗಿದ್ದ ಪ್ರಶ್ನೆ ಬಾಣಂತಿ ಎಣ್ಣೆನೀರು ಹಾಕಿಕೊಳ್ಳುವ ಹೊತ್ತಿಗೆ ಎದ್ದು ಕೂರುತ್ತದೆ: ಕೂಸಿಗೆ ಜ್ಞಾನಸ್ನಾನ ಮಾಡಿಸುವುದೋ, ಬೇಡವೋ?

ನನ್ನ ತಂಗಿಯ ಮನೆಯಲ್ಲಿ ಈಗ ಅದೇ ಪ್ರಶ್ನೆ. ನಾವು ಕಥೋಲಿಕರು. ಅವಳ ಗಂಡನದು ಮಾದಪ್ಪನ ಒಕ್ಕಲಾದ ಪರಿಶಿಷ್ಟ ಜಾತಿಯ ಮನೆ. ಚರ್ಚಿನ ಅಪ್ಪಣೆಯ ಮೇಲೇ ಮದುವೆಯಾಯಿತು. "ಅಕ್ಕ, ನೀನು ಓದಿದವಳು, ನೀನೇ ಹೇಳು" ಎನ್ನುತ್ತಾಳೆ. ಹೇಳುವ ಮೊದಲು, ಒಂದು ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವ ಹಾಗೆ ಈ ವಿಧಿಯನ್ನೇ ಎತ್ತಿಕೊಂಡು ನೋಡಬೇಕೆನಿಸಿತು. ಭಕ್ತಿಯಿಂದ ಕೈಮುಗಿದು ಕೇಳಿದ್ದನ್ನೇ ಒಮ್ಮೆ ಕಣ್ಣು ಬಿಟ್ಟು ಓದುವುದು ಅಪಚಾರವಲ್ಲ.

ಇಂದು ನಮ್ಮ ಚರ್ಚುಗಳಲ್ಲಿ ನಡೆಯುವ ಶಿಶು ಜ್ಞಾನಸ್ನಾನದ ವಿಧಿ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ರೂಪುಗೊಂಡದ್ದು. ಅದಕ್ಕೆ ಮೊದಲಿನ ವಿಧಿಯಲ್ಲಿ ಗುರುಗಳು ಪ್ರಶ್ನೆಗಳನ್ನು ಕೇಳುತ್ತಿದ್ದುದು ಮಗುವನ್ನು. ಸೈತಾನನನ್ನು ಬಿಡುತ್ತೀಯಾ, ದೇವರನ್ನು ನಂಬುತ್ತೀಯಾ ಎಂದು ತೊಟ್ಟಿಲ ಕೂಸನ್ನು ಕೇಳುವುದು, ಕೂಸಿನ ಬಾಯಾಗಿ ಜ್ಞಾನತಂದೆ ಜ್ಞಾನತಾಯಿಯರು ಉತ್ತರಿಸುವುದು. ಹೆತ್ತವರಿಗೆ ಅಲ್ಲಿ ಮಾತೇ ಇರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ನೀರು ಹಾಕಿಸಬೇಕೆಂಬ ಅವಸರದಲ್ಲಿ ತಾಯಿ ಎಷ್ಟೋ ಸಲ ಬಾಣಂತಿ ಕೋಣೆಯಲ್ಲೇ ಉಳಿಯುತ್ತಿದ್ದಳು. ಹೊತ್ತು ಹೆತ್ತವಳನ್ನು ಬಿಟ್ಟು ಉಳಿದವರೆಲ್ಲ ಮಗುವಿನೊಂದಿಗೆ ಚರ್ಚಿಗೆ ಹೋಗುವುದು.

1969ರ ವಿಧಿ ಇದನ್ನು ತಿರುಗಿಸಿಬಿಟ್ಟಿತು. ಬಾಗಿಲಲ್ಲಿ ಮೊದಲ ಪ್ರಶ್ನೆ ಹೆತ್ತವರಿಗೇ: ಮಗುವಿಗೆ ಏನು ಹೆಸರು, ಧರ್ಮಸಭೆಯಿಂದ ಏನನ್ನು ಬೇಡುತ್ತೀರಿ, ನೀವು ಹೊರುತ್ತಿರುವ ಭಾರ ನಿಮಗೆ ಗೊತ್ತಿದೆಯೇ? ನೀರಿಗೆ ಮುಂಚೆ ಕೇಳುವ ವಿಶ್ವಾಸದ ಪ್ರಶ್ನೆಗಳಿಗೂ ಹೆತ್ತವರೂ ಜ್ಞಾನಪೋಷಕರೂ ಉತ್ತರಿಸುವುದು ಮಗುವಿನ ಪರವಾಗಿ ಅಲ್ಲ, ತಮ್ಮ ಪರವಾಗಿಯೇ. ಕೊನೆಯ ಆಶೀರ್ವಾದದಲ್ಲಿ ಮೊದಲು ತಾಯಿಯ ಸರದಿ, ಆಮೇಲೆ ತಂದೆಯದು. ಹೆಣ್ಣನ್ನು ಮರೆತಿದ್ದ ವಿಧಿಗೆ ಅವಳ ನೆನಪಾಯಿತು ಎನ್ನಬಹುದು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಪರೀಕ್ಷೆಗೆ ಕೂರುವುದು ಮಗುವಲ್ಲ, ಮನೆಯವರು. "ಒಂದು ಸಲ ನೀರು ಹಾಕಿಸಿಬಿಡಿ, ಆಮೇಲೆ ನಿಮ್ಮಿಷ್ಟದಂತೆ ಬೆಳೆಸಿ" ಎಂದು ನಮ್ಮ ಅವ್ವ ಹೇಳುವುದಿದೆ. ಅದು ಪ್ರೀತಿಯ ಮಾತೇ. ಆದರೆ ವಿಧಿ ಹೇಳುವುದು ಇದಕ್ಕೆ ತದ್ವಿರುದ್ಧ. ಆಮೇಲೆ ಹೇಗೆ ಬೆಳೆಸುತ್ತೀರಿ ಎಂಬುದೇ ಅದರ ಮೊದಲ ಪ್ರಶ್ನೆ.

ಈ ವಿಧಿ ಎಂದೂ ಬದಲಾಗದ್ದು ಎಂದು ನಂಬಿದವರು ನಮ್ಮ ಸೀಮೆಯ ಹಳೆಯ ಜಗಳವೊಂದನ್ನು ತಿಳಿದುಕೊಳ್ಳಬೇಕು. 17ನೆಯ ಶತಮಾನದಲ್ಲಿ ಇಟಲಿಯ ಲಿಯೊನಾರ್ದೊ ಚಿನ್ನಮಿ ಎಂಬ ಜೆಸ್ವಿತ್ ಗುರು ಮೈಸೂರು ಮಿಶನ್ನನ್ನು ಆರಂಭಿಸಿದರು. ಆಗಿನ ಜ್ಞಾನಸ್ನಾನದಲ್ಲಿ ಗುರು ಮಗುವಿನ ಮುಖದ ಮೇಲೆ ಉಸಿರೂದಬೇಕು, ನಾಲಗೆಗೆ ಉಪ್ಪು ಹಚ್ಚಬೇಕು, ತನ್ನ ಎಂಜಲಿನಿಂದ ಕಿವಿ ಮೂಗು ಮುಟ್ಟಬೇಕು. ನಮ್ಮ ದೇಶದಲ್ಲಿ ಎಂಜಲೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ಮಿಶನರಿಗಳು ಜನರ ಅಸಹ್ಯ ಕಂಡು ಅದನ್ನು ಕೈಬಿಟ್ಟರು. ಪೋಪರ ಪ್ರತಿನಿಧಿ ತೂರ್ನೊನ್ 1704ರಲ್ಲಿ ಪುದುಚೇರಿಯಲ್ಲಿ ಕುಳಿತು ಮದುರೆ, ಮೈಸೂರು, ಕರ್ನಾಟಿಕ್ ಮಿಶನ್ನುಗಳಿಗೆ ಆಜ್ಞೆ ಹೊರಡಿಸಿದರು: ಉಪ್ಪು, ಉಸಿರು, ಎಂಜಲು ಯಾವುದನ್ನೂ ಬಿಡುವಂತಿಲ್ಲ, ಸಂತರ ಹೆಸರನ್ನೇ ಇಡಬೇಕು. ಅದೇ ಆಜ್ಞೆಯಲ್ಲಿ, ಮುಟ್ಟಾದ ಹೆಂಗಸರನ್ನು ಸಂಸ್ಕಾರಗಳಿಂದ ದೂರವಿಡಬಾರದು ಎಂಬ ಮಾತೂ ಇತ್ತೆಂಬುದನ್ನು ನಾವು ಹೆಂಗಸರು ನೆನಪಿಡತಕ್ಕದ್ದು. 1744ರಲ್ಲಿ ಪೋಪ್ 14ನೆಯ ಬೆನೆದಿಕ್ತರು ತೀರ್ಪು ಕೊಡುವವರೆಗೆ ನಲವತ್ತು ವರ್ಷ ಈ ವ್ಯಾಜ್ಯ ನಡೆಯಿತು. 1969ರಲ್ಲಿ ಉಪ್ಪು, ಉಸಿರು, ಎಂಜಲು ಮೂರೂ ಶಿಶುಗಳ ವಿಧಿಯಿಂದ ಹೊರಟೇ ಹೋದವು. ಯಾವುದನ್ನು ಬಿಡಲೇಬಾರದೆಂದು ಹಟ ಹಿಡಿದಿದ್ದರೋ ಅದು ಹೋಯಿತು. ನೀರು ಉಳಿಯಿತು, ತಂದೆ ಮಗ ಪವಿತ್ರಾತ್ಮರ ಹೆಸರು ಉಳಿಯಿತು.

ಹೆಸರಿನ ಜಗಳವೂ ಹೀಗೆಯೇ. ನಮ್ಮ ಅಜ್ಜಂದಿರ ರಾಯಪ್ಪ, ಚಿನ್ನಪ್ಪ, ಅರುಳಪ್ಪ ಎಂಬ ಹೆಸರುಗಳನ್ನು ಹೊರಗಿನವರು ಕೇಳಿದರೆ ಹಿಂದೂ ಹೆಸರೆಂದೇ ತಿಳಿದಾರು. ಅವು ಪೇತ್ರ, ಪೌಲ, ಯೊವಾನ್ನರ ಹೆಸರುಗಳು, ತಮಿಳು ನೆಲದಲ್ಲಿ ನೀರು ಕುಡಿದು ಬೆಳೆದವು. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೂ ಸಂತರ ಹೆಸರೇ ಆಗಬೇಕೆನ್ನುವುದಿಲ್ಲ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ಕರುಣಾ, ಜ್ಯೋತಿ ಎಂದು ಎರಡು ಮನೆಯವರೂ ಬಾಯಿ ತುಂಬ ಕರೆಯುವ ಹೆಸರಿಗೆ ಅಡ್ಡಿಯಿಲ್ಲ. ಮನೆಗೊಂದು, ಚರ್ಚಿಗೊಂದು ಹೆಸರಿಟ್ಟು ಮಗುವನ್ನು ಎರಡು ಪಾಲು ಮಾಡುವ ಅಗತ್ಯವಿಲ್ಲ.

ಇನ್ನು ಕಾನೂನಿನ ಮಾತು. ಅದೇ ಸಂಹಿತೆಯಂತೆ ಕಥೋಲಿಕ ಹೆತ್ತವರು ಮಗುವಿಗೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಮಾಡಿಸಬೇಕು. ಇದನ್ನು ಮುಚ್ಚಿಡಲಾಗದು. ಆದರೆ ಮುಂದಿನ ನಿಯಮವನ್ನು ಯಾರೂ ಓದಿ ಹೇಳುವುದಿಲ್ಲ: ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಆ ವಿಶ್ವಾಸದಲ್ಲಿ ಬೆಳೆಯುತ್ತದೆಂಬ ನಂಬಲರ್ಹ ಭರವಸೆ ಇರಬೇಕು. ಆ ಭರವಸೆ ಕಾಣದಿದ್ದರೆ ಜ್ಞಾನಸ್ನಾನವನ್ನು ಮುಂದೂಡಬೇಕು, ಕಾರಣವನ್ನು ಹೆತ್ತವರಿಗೆ ತಿಳಿಸಬೇಕು. ಮುಂದೂಡುವುದು ನಿರಾಕರಣೆಯಲ್ಲ.

ಅನ್ಯಮತದವರನ್ನು ಮದುವೆಯಾಗುವಾಗ ಬರೆದುಕೊಡುವ ಮಾತೊಂದಿದೆ. ಹಿಂದೆ ಗಂಡಹೆಂಡಿರಿಬ್ಬರೂ ಮಕ್ಕಳಿಗೆಲ್ಲ ಜ್ಞಾನಸ್ನಾನ ಮಾಡಿಸುತ್ತೇವೆಂದು ಮಾತು ಕೊಡಬೇಕಿತ್ತು. 1970ರಲ್ಲಿ ಪೋಪ್ 6ನೆಯ ಪೌಲರು ಇದನ್ನು ಬದಲಿಸಿದ ಮೇಲೆ ಮಾತು ಕೊಡಬೇಕಾದವರು ಕಥೋಲಿಕರು ಮಾತ್ರ. ತನ್ನ ಶಕ್ತಿಯಲ್ಲಿರುವಷ್ಟನ್ನೆಲ್ಲ ಮಾಡುತ್ತೇನೆ ಎಂಬುದು ಆ ಮಾತಿನ ತಾತ್ಪರ್ಯ. ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು. ನ್ಯಾಯವಾದ ಬದಲಾವಣೆಯೇ. ಆದರೆ ಸೊಸೆಯಾಗಿ ಹೋದವಳ ಶಕ್ತಿ ಎಷ್ಟು? ಮಗುವಿನ ಮೊದಲ ತುತ್ತು ಯಾವ ದಿನ, ಕಿವಿ ಚುಚ್ಚುವುದು ಯಾವಾಗ ಎಂಬುದನ್ನೇ ಅತ್ತೆಯನ್ನು ಕೇಳಿ ಮಾಡುವವಳು ಆತ್ಮದ ಪ್ರಶ್ನೆಯನ್ನು ಒಬ್ಬಳೇ ತೀರ್ಮಾನಿಸಿಯಾಳೆ? ತವರು ಹೇಳುತ್ತದೆ, ಮಾತು ಕೊಟ್ಟವಳು ನೀನು. ಅತ್ತೆಮನೆ ಹೇಳುತ್ತದೆ, ಮಗು ನಮ್ಮದು. ಗಂಡ ಎರಡು ಮನೆಯ ನಡುವಿನ ಜಗಲಿಯಲ್ಲಿ ಪತ್ರಿಕೆ ಓದುತ್ತಾನೆ. ಈ ಭಾರ ಅವನದೂ ಹೌದೆಂದು ಕಾನೂನು ಹೇಳದಿದ್ದರೂ ಸಂಸಾರ ಹೇಳಬೇಕು.

ಹೆಂಗಸರನ್ನು ಹೆಚ್ಚು ಕಾಡುವುದು ಇನ್ನೊಂದು ಭಯ: ನೀರು ಬೀಳುವ ಮೊದಲೇ ಕೂಸಿಗೆ ಏನಾದರೂ ಆಗಿಬಿಟ್ಟರೆ? ಅಂಥ ಕೂಸುಗಳು ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಲಿಂಬೋ ಎಂಬ ಅಂಚಿನಲ್ಲಿ ಉಳಿಯುತ್ತವೆ ಎಂದು ಬಹುಕಾಲ ಬೋಧಿಸಲಾಯಿತು. ಹಳೆಯ ಕಾನೂನು ಅವಕ್ಕೆ ಚರ್ಚಿನ ಶವಸಂಸ್ಕಾರವನ್ನೂ ಕೊಡುತ್ತಿರಲಿಲ್ಲ. ಎಷ್ಟು ತಾಯಂದಿರು ಆ ದುಃಖವನ್ನು ಸೆರಗಿನೊಳಗೆ ಮುಚ್ಚಿಕೊಂಡು ಬದುಕಿದರೋ! 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಇಂಥ ಮಕ್ಕಳೂ ದೇವರ ಕರುಣೆಯಲ್ಲಿ ರಕ್ಷಣೆ ಪಡೆಯುತ್ತಾರೆಂದು ಆಶಿಸಲು ಗಟ್ಟಿಯಾದ ಕಾರಣಗಳಿವೆ ಎಂದಿತು. ಜ್ಞಾನಸ್ನಾನದ ಅಗತ್ಯವನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಕೂಸಿನ ತಲೆಯ ಮೇಲೆ ತೂಗುತ್ತಿದ್ದ ಕತ್ತಿಯನ್ನು ಇಳಿಸಿತು. ಪ್ರೀತಿಯಿಂದ ನೀರು ಹಾಕಿಸೋಣ, ಹೆದರಿ ಅಲ್ಲ.

ಹೆದರಿ, ಮುಚ್ಚಿ ಹಾಕಿದ ನೀರು ಏನು ಮಾಡಬಲ್ಲದೆಂಬುದಕ್ಕೆ ಇಟಲಿಯ ಬೊಲೋನ್ಯದ ಕಥೆ ಸಾಕು. ಅಲ್ಲಿ ಒಂದು ಯೆಹೂದಿ ಮನೆಯ ಕೆಲಸದ ಹುಡುಗಿ, ಕಾಯಿಲೆಬಿದ್ದ ಎದ್ಗಾರ್ದೊ ಮೊರ್ತಾರಾ ಎಂಬ ಕೂಸು ಸತ್ತೀತೆಂದು ಹೆದರಿ ಯಾರಿಗೂ ತಿಳಿಸದೆ ಜ್ಞಾನಸ್ನಾನ ಕೊಟ್ಟಳು. ಕೂಸು ಬದುಕಿತು. ಸುದ್ದಿ ಹೊರಬಿದ್ದಾಗ, ಕ್ರೈಸ್ತ ಮಗುವನ್ನು ಯೆಹೂದಿಗಳು ಬೆಳೆಸುವಂತಿಲ್ಲವೆಂದು ಪೋಪರ ರಾಜ್ಯದ ಪೊಲೀಸರು 1858ರಲ್ಲಿ ಆರು ವರ್ಷದ ಆ ಹುಡುಗನನ್ನು ತಾಯಿಯ ಮಡಿಲಿಂದ ಒಯ್ದರು. ಅವನು ಮರಳಿ ಆ ಮನೆಯ ಮಗನಾಗಲಿಲ್ಲ, ಗುರುವಾದ. ಅತ್ತೆಗೆ ತಿಳಿಯದಂತೆ ಮಗುವನ್ನು ತವರಿಗೆ ಕರೆದೊಯ್ದು ನೀರು ಹಾಕಿಸಿಕೊಂಡು ಬರುವ ಜಾಣತನವನ್ನು ನಮ್ಮ ಕಡೆಯೂ ಕೆಲವರು ಹೇಳಿಕೊಡುತ್ತಾರೆ. ಅಂಥವರಿಗೆ ಈ ಕಥೆ ಗೊತ್ತಿರಬೇಕು.

ಈಗ ಅತ್ತೆಯ ಮಾತಿಗೆ ಬರೋಣ. ತಂಗಿಯ ಅತ್ತೆ ಯೇಸುವನ್ನು ಹೀಗಳೆದವರಲ್ಲ. ಅವರ ಪ್ರಶ್ನೆ ಒಂದೇ: "ನಾಳೆ ಕೂಸಿನ ಸರ್ಟಿಫಿಕೇಟು ಏನಾಗುತ್ತದೆ ತಾಯಿ?" ಈ ಪ್ರಶ್ನೆಯನ್ನು ಲೌಕಿಕವೆಂದು ಮೂಗು ಮುರಿಯುವವರು ತಾಲ್ಲೂಕು ಕಚೇರಿಯ ಮುಂದೆ ನಿಂತವರಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇರಿಸಿದ್ದಾರೆ. ಅದು ಸಮನಾದ ಬದಲಿಯಲ್ಲ.

2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳ ಅರ್ಜಿಯನ್ನು ತಳ್ಳಿಹಾಕಿತು. ತಂದೆ ಹಿಂದೂ, ತಾಯಿ ಕ್ರೈಸ್ತೆ. ಎಳೆಗೂಸಾಗಿದ್ದಾಗ ಜ್ಞಾನಸ್ನಾನವಾಗಿತ್ತು. ಗುಮಾಸ್ತೆಯ ಹುದ್ದೆಗಾಗಿ ತಂದೆಯ ಜಾತಿಯ ಪತ್ರ ಕೇಳಿದಾಗ ಆ ದಾಖಲೆ ಎದುರು ಬಂತು. ಆಕೆ ಚರ್ಚಿಗೆ ಹೋಗಿಬರುತ್ತಿದ್ದುದೂ ಎದುರು ಬಂತು. ವಿಶ್ವಾಸದಲ್ಲಿ ಕ್ರೈಸ್ತಳಾಗಿದ್ದು ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನಲಾಗದು ಎಂದಿತು ಕೋರ್ಟು. ಬೆಟ್ಟದಲ್ಲಿ ಕೊಟ್ಟ ಮುಡಿಯನ್ನು ಯಾವ ಕಚೇರಿಯೂ ಬರೆದಿಡುವುದಿಲ್ಲ, ಕೂದಲು ಮತ್ತೆ ಬೆಳೆಯುತ್ತದೆ. ಜ್ಞಾನಸ್ನಾನವೋ ಚರ್ಚಿನ ದಫ್ತರಿನಲ್ಲಿ ದಾಖಲಾಗುತ್ತದೆ. ಅದರ ಮುದ್ರೆ ಆತ್ಮದ ಮೇಲೂ ಅಳಿಯದು ಎಂಬುದೇ ನಮ್ಮ ವಿಶ್ವಾಸ.

ಈ ಕಾನೂನು ನ್ಯಾಯವೆಂದು ನಾನು ಒಪ್ಪಲಾರೆ. ನೀರು ಬಿದ್ದೊಡನೆ ಪಾಪ ತೊಳೆದುಹೋಗುತ್ತದೆಂದು ಗುರುಗಳು ಹೇಳುತ್ತಾರೆ, ಜಾತಿಯೂ ತೊಳೆದುಹೋಗುತ್ತದೆಂದು ಸರ್ಕಾರ ತಿಳಿದಿದೆ. ಬೀದಿ ಹಾಗೆ ತಿಳಿದಿಲ್ಲ. ಚರ್ಚಿನೊಳಗೇ ಬೇರೆ ಸಾಲು, ಬೇರೆ ಸಮಾಧಿ ನೆಲ ನೋಡಿದ ದಕ್ಷಿಣ ದೇಶ ನಮ್ಮದು. ಆದರೆ ಕಾನೂನು ಅನ್ಯಾಯವೆಂದು ಅದನ್ನು ಕೂಸಿನ ತಲೆಯ ಮೇಲೆ ಪರೀಕ್ಷಿಸಲು ನಮಗೇನು ಹಕ್ಕು? ಚರ್ಚಿನಲ್ಲಿ ಒಂದು, ಕಚೇರಿಯಲ್ಲಿ ಒಂದು ಹೇಳಿ ದಾಟಿಕೊಳ್ಳುವ ಉಪಾಯವನ್ನಂತೂ ನಾನು ಹೇಳಲಾರೆ. ಇಪ್ಪತ್ತು ವರ್ಷದ ಮೇಲೆ ಆ ಸುಳ್ಳಿಗೆ ಉತ್ತರ ಕೊಡಬೇಕಾದವಳು ಅದನ್ನು ಹೇಳದ ಮಗಳು.

ಎಲ್ಲವನ್ನೂ ಓದಿದ ಮೇಲೆ ತಂಗಿಗೆ ನಾನು ಹೇಳಿದ್ದು ಇಷ್ಟು. ಗಂಡಹೆಂಡಿರಿಬ್ಬರೂ ಮನಸಾರೆ ಒಪ್ಪಿ, ಬೆಲೆ ಏನೆಂದು ಬಲ್ಲವರಾಗಿ, ಎರಡು ಮನೆಗೂ ತಿಳಿಸಿ ಮಾಡಿಸುವುದಾದರೆ ಇಂದೇ ಮಾಡಿಸಿ. ಅದರ ಚೆಲುವನ್ನು ಬಲ್ಲವಳು ನಾನು. ಹಾಗಿಲ್ಲದಿದ್ದರೆ ಕಾಯಿರಿ. ಗಂಡಹೆಂಡಿರಿಬ್ಬರೂ ಗುರುಗಳ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ. ಕಾಯುವುದು ಬಿಟ್ಟುಬಿಡುವುದಲ್ಲ. ಮಲಗಿಸುವಾಗ ನಿನ್ನ ಪ್ರಾರ್ಥನೆಯನ್ನು ಕೂಸಿನ ಕಿವಿಗೆ ಹೇಳು, ಕ್ರಿಸ್ತಜಯಂತಿಗೆ ಗೋದಲಿ ಕಟ್ಟು, ಅಜ್ಜಿಯ ಜೊತೆ ಬೆಟ್ಟಕ್ಕೆ ಹೋಗಿಬರಲು ಬಿಡು. ಏಳು ತುಂಬಿದ ಮಗುವನ್ನು ಧರ್ಮಸಭೆ ತಿಳಿವಳಿಕೆ ಬಂದವರೆಂದೇ ಎಣಿಸುತ್ತದೆ, ನೀರಿಗೆ ಮುಂಚೆ ಅದನ್ನೇ ಕೇಳುತ್ತದೆ. ಸರ್ಟಿಫಿಕೇಟಿನ ಬೆಲೆ ತಿಳಿಯಲು ಇನ್ನೂ ಹತ್ತು ವರ್ಷ ಬೇಕಾದರೆ ಅದೂ ಆಗಲಿ.

ಅವ್ವನಿಗೆ ಇದು ನೋವು ತಂದಿದೆ. ಅವರ ಕಾಲದಲ್ಲಿ ಒಳ್ಳೆಯ ಹೆಂಗಸೆಂದರೆ ಮಗುವಿಗೆ ಬೇಗ ನೀರು ಹಾಕಿಸಿದವಳು. ಆ ನೋವಿಗೆ ನನ್ನ ಬಳಿ ಔಷಧವಿಲ್ಲ. 2007ರ ಮಾತನ್ನು ತಮಿಳಿನಲ್ಲಿ ವಿವರಿಸಿ ಹೇಳಿದೆ. ಜಪಸರ ಎಣಿಸುತ್ತಲೇ ಕೇಳಿದರು. "ದೇವರು ಕಾಯುತ್ತಾನೆ ಸರಿ, ನಾನು ಎಷ್ಟು ವರ್ಷ ಕಾಯಲಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಅಜ್ಜಿಯ ಪ್ರಶ್ನೆ, ಮಗುವಿನದಲ್ಲ. ವಿಧಿಯ ಬಾಗಿಲಲ್ಲಿ ನಿಂತು ಉತ್ತರಿಸಬೇಕಾದವರು ಹೆತ್ತವರು, ಅವರಿಬ್ಬರ ಉತ್ತರ ಇನ್ನೂ ಒಂದಾಗಿಲ್ಲ.